ಯಾರೂ ಬೆನ್ನ ಹತ್ತಿಲ್ಲ

"ಅಲ್ರೀ, ಇಂಥಾ ಥಂಡ್ಯಾಗ ನಸುಕಿಗೆದ್ದು ಗುಡ್ಡದಾಗ ಯಾಕ ಓಡ್ತೀರಿ? ಯಾರರ ಬೆನ್ನ ಹತ್ಯಾರೇನು?"

ಪ್ರಶ್ನೆ ಇದು. ಡಿಸೆಂಬರಿಗೆ ಶುರುವಾದರೆ, ಶಿವರಾತ್ರಿಗೆ ಥಂಡಿ ಶಿವಶಿವಾ ಅಂತ ಹೋದ ಮೇಲೆಯೇ ನಿಲ್ಲುವುದು. ಚಹಾದಂಗಡಿಯಲ್ಲಿ ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಕೇಳಿ ಪಕ್ಕದವರ ಕಡೆ ತಿರುಗಿ ನಗುತ್ತಾರೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಾಯಸ ಬಂದಿರುತ್ತದೆ. ಹಾಗಾಗಿ ಒಮ್ಮೆ ಬರೆದಿಟ್ಟುಬಿಡುತ್ತೇನೆ. ಇನ್ನು ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುವುದು.

ಮೊದಲು ಥಂಡಿ. ಕೊಪ್ಪಳ, ಗಂಗಾವತಿ ಕಡೆ ಜನವರಿ ನಸುಕಿನಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ. ಗಾಳಿ ಬಿಟ್ಟ ವಾರ 12ಕ್ಕೆ ಇಳಿದರೂ ಇಳಿಯಿತು. ಇದಕ್ಕೆ ಸ್ವೆಟರು, ಮೇಲೊಂದು ಶಾಲು, ಅದರ ಮೇಲೆ ಮಂಕಿ ಕ್ಯಾಪು ಹಾಕಿಕೊಂಡು ಕಟ್ಟೆಗೆ ಕುಂತು "ಇಂಥಾ ಥಂಡಿ" ಅನ್ನುವವರೇ ಮೇ ತಿಂಗಳ 41 ಡಿಗ್ರಿಯಲ್ಲಿ ಮಟಮಟ ಮಧ್ಯಾಹ್ನ ಬೈಕಿನ ಮೇಲೆ ಲಗ್ನಪತ್ರಿಕೆ ಹಂಚುತ್ತಾರೆ. ಅವರನ್ನ ಯಾರೂ ಯಾಕ್ರೀ ಅಂತ ಕೇಳುವುದಿಲ್ಲ. ಓಡುವವರ ಮೈ ಒಂದು ಒಲೆ ಇದ್ದಂತೆ. ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಓಟಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಬರೀ ಕಾವು. ಆ ಕಾವು ಹೊರಗೆ ಹೋಗಲು ಗಾಳಿ ತಣ್ಣಗಿರಬೇಕು. ಮಾರ್ಚ್ ದಾಟಿತೆಂದರೆ ನಮ್ಮ ಬಂಡೆಗಳು ಹಗಲಿನ ಬಿಸಿಯನ್ನ ರಾತ್ರಿಯೆಲ್ಲ ಹಿಡಿದಿಟ್ಟುಕೊಂಡು, ನಸುಕಿಗೂ ರೊಟ್ಟಿ ಸುಟ್ಟಿಟ್ಟ ಹಂಚಿನ ಹಾಗೆ ಬೆಚ್ಚಗೇ ಇರುತ್ತವೆ. ಗುಡ್ಡ ಓಡಲಿಕ್ಕೆ ನಮಗೆ ವರ್ಷದಲ್ಲಿ ಸಿಗುವುದೇ ಮೂರು ತಿಂಗಳು. ಅದಕ್ಕೇ ಥಂಡಿಯಲ್ಲಿ ಓಡುವುದು. ಉತ್ತರ ಮುಗಿಯಿತು.

ಮುಗಿಯುವುದಿಲ್ಲ. "ಹಂಗಾರ ಒಂದು ಸ್ವೆಟರರ ಹಾಕ್ಕೋಬಾರ್ದ?" ಅನ್ನುತ್ತಾರೆ. ಬಾರದು. ಮನೆ ಬಾಗಿಲಲ್ಲಿ ನಿಂತಾಗ ಹಾಯಾಗಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದೇ ಅರ್ಥ. ಮೊದಲ ಹತ್ತು ನಿಮಿಷ ಸ್ವಲ್ಪ ನಡುಗಬೇಕು. ಸ್ವೆಟರಿನಲ್ಲಿ ಹೊರಟವರು ಅರ್ಧ ಗುಡ್ಡಕ್ಕೆ ಬೆವರಿ ತೊಯ್ದಿರುತ್ತಾರೆ, ಒಳಗಿನ ಹತ್ತಿ ಬನಿಯನ್ನು ನೀರು ಹೀರಿ ಬೆನ್ನಿಗೆ ಅಂಟಿರುತ್ತದೆ. ಮೇಲೆ ಗಾಳಿಗೆ ನಿಂತು ಫೋಟೋ ತೆಗೆಯುವಾಗ ಹಲ್ಲು ಕಟಕಟ ಅನ್ನುವುದು ಅವರದ್ದೇ. ಪಾಲಿಯೆಸ್ಟರ್ ಜರ್ಸಿ ಒಂದು, ಅದರ ಮೇಲೆ ಗಾಳಿ ತಡೆಯುವ ತೆಳ್ಳನೆ ಜಾಕೆಟ್ ಒಂದು, ಕಿವಿಗೆ ಕಟ್ಟಿಕೊಳ್ಳಲು ಒಂದು ದಸ್ತಿ. ಹತ್ತುವಾಗ ಜಾಕೆಟ್ ಸೊಂಟಕ್ಕೆ, ನಿಂತ ಕೂಡಲೇ ಮೈಗೆ. ಥಂಡಿ ಹತ್ತುವುದು ಓಡುವಾಗ ಅಲ್ಲ, ನಿಂತಾಗ. ಇನ್ನೊಂದು ಮಾತು: ಬಯಲಿಗಿಂತ ಗುಡ್ಡದ ನೆತ್ತಿ ಎಷ್ಟೋ ಸಲ ಬೆಚ್ಚಗಿರುತ್ತದೆ. ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಭತ್ತದ ಗದ್ದೆಗಳ ಮೇಲೆ ಕೂತುಬಿಡುತ್ತದೆ. ಕಾಲುವೆ ಏರಿಯ ಮೇಲೆ ಬೆರಳು ಮರಗಟ್ಟಿಸಿಕೊಂಡವರು ಐವತ್ತು ಮೀಟರ್ ಏರುವಷ್ಟರಲ್ಲಿ ಜಾಕೆಟ್ ಬಿಚ್ಚುತ್ತಾರೆ.

ಈಗ ಆ ಎರಡನೇ ತುಂಡಿಗೆ ಬರೋಣ. "ಯಾರರ ಬೆನ್ನ ಹತ್ಯಾರೇನು?" ನನಗೆ ಮೈ ಉರಿಯುವುದು ಇಲ್ಲಿ. ಕೊಪ್ಪಳದ ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನ ಇದೆ. ಕೆತ್ತಿದವನು ಉಳಿ, ಸುತ್ತಿಗೆ ಹೊತ್ತು ಅದೇ ಬಂಡೆ ಹತ್ತಿದ್ದಾನೆ, ಅವನನ್ನ ಯಾರೂ "ಯಾಕೋ ತಮ್ಮಾ" ಅಂದಿರಲಿಕ್ಕಿಲ್ಲ. ಇರಲಿ. ನಮ್ಮ ಕಡೆ ಗುಡ್ಡದಲ್ಲಿ ನಿಜವಾಗಿ ಬೆನ್ನ ಹತ್ತಬಲ್ಲದ್ದು ಕರಡಿ. ತಮಾಷೆ ಎಂದರೆ, ಅದು ಕಂಡಾಗ ಮಾಡಬಾರದ್ದು ಒಂದೇ: ಓಡುವುದು.

ತುಂಗಭದ್ರೆಯ ಆಚೆ ದಂಡೆಗೆ 1994ರಲ್ಲಿ ದರೋಜಿ ಕರಡಿಧಾಮ ಆಗಿದ್ದು ಸುಮ್ಮನೆ ಅಲ್ಲ. ಗುಂಡುಗಲ್ಲು, ಅವುಗಳ ಸಂದಿನ ಗವಿ, ಹುತ್ತ, ಬಾರಿ ಹಣ್ಣು, ಕವಳಿ ಹಣ್ಣು, ಕರಡಿಗೆ ಬೇಕಾದದ್ದೆಲ್ಲ ಇಲ್ಲಿದೆ. ಕರಡಿಗೆ ಗಡಿ ಗೊತ್ತಿಲ್ಲ, ಈಚೆಯ ಗುಡ್ಡಗಳಲ್ಲೂ ಇವೆ. ರಾತ್ರಿ ಮೇಯಲು ಹೋಗಿ ನಸುಕಿಗೆ ಗವಿಗೆ ಮರಳುತ್ತವೆ, ಅಂದರೆ ನಾವು ಹೊರಡುವ ಹೊತ್ತಿಗೆ. ಥಂಡಿ ತಿಂಗಳಲ್ಲಿ ಬಾರಿ ಹಣ್ಣಾಗಿರುತ್ತದೆ, ಹೆಣ್ಣು ಕರಡಿ ಗವಿಯಲ್ಲಿ ಮರಿ ಹಾಕಿರುತ್ತದೆ. ಕರಡಿಯ ಮೂಗು ಬಲು ಚುರುಕು, ಕಣ್ಣು ಮಂದ. ಮನುಷ್ಯನನ್ನ ತಿನ್ನಲು ಅದು ಬರುವುದಿಲ್ಲ. ತೀರ ಹತ್ತಿರದಲ್ಲಿ ದಿಢೀರನೆ ಎದುರಾದರೆ ಹೆದರಿ ಮೈಮೇಲೆ ಬೀಳುತ್ತದೆ. ಹಾಗಾದರೆ ಕಷ್ಟದ ಬೇರು ಈ 'ದಿಢೀರ್' ಎಂಬುದರಲ್ಲೇ ಇದೆ. ಮೆತ್ತಗೆ ಸದ್ದಿಲ್ಲದೆ ತಿರುವು ದಾಟುವ ಒಂಟಿ ಓಟಗಾರನಿಗಿಂತ ದಿಢೀರ್ ಯಾರೂ ಇಲ್ಲ.

"ಓಡೋದಾರ ಓಡ್ರಿ, ಜೋಡಿ ಯಾಕ ಬೇಕು?" ಎಂಬ ಉಪಪ್ರಶ್ನೆಗೂ ಉತ್ತರ ಇದೇ. ದೋಸ್ತ ಬೇಕಾಗಿರುವುದು ಮಾತಾಡಲಿಕ್ಕೆ, ಅದೂ ಜೋರಾಗಿ. ಭತ್ತದ ರೇಟು, ಮಗಳ ಪರೀಕ್ಷೆ, ಊರ ರಾಜಕೀಯ, ಏನಾದರೂ ಸರಿ. ಮಾತು ನಿಂತರೆ ಪ್ರತಿ ತಿರುವಿಗೆ ಮುಂಚೆ ಎರಡು ಚಪ್ಪಾಳೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರುವವರನ್ನ ಜೊತೆಗೆ ಕರೆದೊಯ್ಯಬಾರದು. ಮಾತಾಡುತ್ತ ಓಡುವುದರಿಂದ ಇನ್ನೊಂದು ಲಾಭ: ಒಂದು ಪೂರ್ತಿ ವಾಕ್ಯ ಉಸಿರು ಕಡಿಯದೆ ಬಾಯಿಂದ ಬರದಿದ್ದರೆ ವೇಗ ಜಾಸ್ತಿಯಾಗಿದೆ, ನಡೆಯಬೇಕು. ಕೈಗಡಿಯಾರದ ಎದೆಬಡಿತದ ಲೆಕ್ಕಕ್ಕಿಂತ ಇದು ನಂಬಿಗಸ್ತ.

ಹಸಿಯಾಗಿ ಕೆದರಿದ ಹುತ್ತ, ಬೀಜ ತುಂಬಿದ ಹೊಸ ಲದ್ದಿ ಕಂಡರೆ ಅವತ್ತಿಗೆ ಅಲ್ಲಿಂದಲೇ ವಾಪಸ್. ಗವಿಯ ಬಾಯಿ ಹತ್ತಿರ ಫೋಟೋಕ್ಕೂ ಹೋಗಬಾರದು. ದೂರದಲ್ಲಿ ಕಂಡರೆ ಇಬ್ಬರೂ ಹತ್ತಿರ ಹತ್ತಿರ ನಿಂತು, ಮುಖ ಅದರ ಕಡೆಗೇ ಇಟ್ಟು, ಹಿಂದಕ್ಕೆ ಹಿಂದಕ್ಕೆ ಮೆಲ್ಲಗೆ ಸರಿಯಬೇಕು. ಬೆನ್ನು ತೋರಿಸಿ ಓಡಿದರೆ ಅದು ನಿಮಗಿಂತ ಜೋರಾಗಿ ಓಡುತ್ತದೆ, ಮರವನ್ನೂ ಹತ್ತುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಬಿದ್ದು, ಕೈಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳುವುದು. ಅದು ಮೊದಲು ಕೈ ಹಾಕುವುದು ಮುಖಕ್ಕೆ, ತಲೆಗೆ. ಆನೆಗೊಂದಿ ಕಡೆ ಚಿರತೆಯೂ ಇದೆ. ಅದಕ್ಕೂ ಜೋಡಿಯೇ ಮದ್ದು, ಬೆಳಕೇ ಮದ್ದು.

ಹಾಗಾಗಿ ನಾವು ಐದಕ್ಕೆ ಗುಡ್ಡ ಹತ್ತುತ್ತೇವೆ ಅನ್ನುವುದು ಊರವರು ಕಟ್ಟಿದ ಕತೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:50ರ ಸುಮಾರಿಗೆ. ಕಾಲಡಿಯ ಕಲ್ಲು ಕಾಣುವಷ್ಟು ಬೆಳಕು 6:25ಕ್ಕೆ ಬರುತ್ತದೆ. ಐದೂಮುಕ್ಕಾಲಿಗೆ ಹೊರಟು, ಹೊಲದ ಬಂಡಿದಾರಿಯಲ್ಲಿ ನಲವತ್ತು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಂಡು, ಗುಡ್ಡದ ಬುಡಕ್ಕೆ ಬೆಳಕಿನ ಜೊತೆ ಮುಟ್ಟುವುದು ಲೆಕ್ಕ. ಬಂಡಿದಾರಿಯಲ್ಲಿ ಬ್ಯಾಟರಿ ಬೇಕು. ಹಣೆಗೆ ಕಟ್ಟುವ ಲೈಟು ಎಲ್ಲರೂ ಕೊಳ್ಳುತ್ತಾರೆ, ಕಟ್ಟಬೇಕಾದದ್ದು ಸೊಂಟಕ್ಕೆ. ಕಣ್ಣಿನ ಮಟ್ಟದಿಂದ ಬೆಳಕು ಬಿಟ್ಟರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿ ನೆಲ ಸಪಾಟು ಕಾಣುತ್ತದೆ. ಸೊಂಟದಿಂದ ಬಿಟ್ಟರೆ ಪ್ರತಿ ಉಬ್ಬಿಗೂ ನೆರಳು ಎದ್ದು ನಿಲ್ಲುತ್ತದೆ. ಮಂಜು ಇದ್ದ ದಿನವಂತೂ ಹಣೆಯ ಲೈಟು ಕಣ್ಣಿಗೇ ಹೊಡೆಯುತ್ತದೆ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಕೇಳಿದ್ದರೆ ಚಹಾ ನಾನೇ ಕುಡಿಸುತ್ತಿದ್ದೆ: "ಇಳೀತೀರಿ ಹೆಂಗ?"

ಹತ್ತುವುದರಲ್ಲಿ ವಿದ್ಯೆ ಕಡಿಮೆ. ಕಡಿದಾದ ಕಡೆ ಯಾರೂ ಓಡುವುದಿಲ್ಲ, ತೊಡೆಯ ಮೇಲೆ ಕೈ ಒತ್ತಿ ನಡೆಯುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲನ್ನೂ ಹಾಗೇ ಹತ್ತುವುದು. ಕಾಲು ಮುರಿಯುವುದು, ಮೊಣಕಾಲು ಹೋಗುವುದು, ಹೆಬ್ಬೆರಳ ಉಗುರು ಕಪ್ಪಾಗುವುದು ಎಲ್ಲ ಇಳಿಯುವಾಗ.

ನಮ್ಮ ಬಂಡೆಯನ್ನೇ ನೋಡಿ. ರಾಮನಗರದಿಂದ ಮಸ್ಕಿಯ ತನಕ ಉದ್ದಕ್ಕೆ ಹಬ್ಬಿದ ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ದಪ್ಪ ಹರಳಿನ ಒರಟು ಕಲ್ಲು, ಒಣಗಿದ್ದಾಗ ಉಪ್ಪುಕಾಗದದ ಹಾಗೆ ಶೂ ಹಿಡಿಯುತ್ತದೆ. ಗೋಡೆಯಂಥ ಇಳಿಜಾರಿನಲ್ಲೂ ನಿಲ್ಲಬಹುದು. ಹಾಗಾದರೆ ಜನ ಜಾರುವುದು ಎಲ್ಲಿ? ಹುಲ್ಲು ಮುಗಿದು ಬಂಡೆ ಶುರುವಾಗುವ ಆ ಒಂದು ಗೇಣಿನಲ್ಲಿ. ಥಂಡಿ ರಾತ್ರಿ ಹುಲ್ಲಿನ ತುಂಬ ಇಬ್ಬನಿ ಕೂತಿರುತ್ತದೆ. ಬಂಡೆ ಒಳಗಿನ ಬಿಸಿಗೆ ಬಹುತೇಕ ಒಣಗೇ ಇರುತ್ತದೆ. ಕಣ್ಣು ಬಂಡೆ ನೋಡಿ "ಒಣಗೈತಿ" ಅನ್ನುತ್ತದೆ, ಕಾಲು ನಂಬುತ್ತದೆ. ಆದರೆ ಒದ್ದೆಯಾಗಿರುವುದು ಬಂಡೆಯಲ್ಲ, ಶೂವಿನ ತಳ. ಹುಲ್ಲು ದಾಟಿದ ಕೂಡಲೇ ಸಪಾಟಾದ ಜಾಗದಲ್ಲಿ ನಾಲ್ಕು ಹೆಜ್ಜೆ ತಳ ಒರೆಸಿ, ಒದ್ದೆ ಗುರುತು ಮಸುಕಾದ ಮೇಲೆ ಇಳಿಜಾರಿಗೆ ಕಾಲಿಡಬೇಕು. ಹತ್ತು ಸೆಕೆಂಡಿನ ಕೆಲಸ.

ಬಂಡೆಯ ಮೇಲೆ ಮಳೆನೀರು ಹರಿದ ಕಪ್ಪು ಪಟ್ಟಿಗಳಿರುತ್ತವೆ, ಒಣಗಿದ ಪಾಚಿ ಅದು. ಮಧ್ಯಾಹ್ನ ಅದರ ಮೇಲೆ ಕುಣಿಯಬಹುದು, ಇಬ್ಬನಿ ಬಿದ್ದ ಮುಂಜಾನೆ ಅದು ಸಾಬೂನು. ದಾಟಲೇಬೇಕಾದರೆ ಅಡ್ಡಡ್ಡಲಾಗಿ, ಒಂದೇ ಹೆಜ್ಜೆಗೆ. ಇನ್ನು ಗರಸು. ಬಂಡೆ ಉದುರಿದ ಕಡಲೆಕಾಳಿನಷ್ಟು ಹರಳು ಇಳಿಜಾರಿನ ಮೇಲೆ ಹರಡಿದ್ದರೆ ಗೋಲಿಗಳ ಮೇಲೆ ಕಾಲಿಟ್ಟ ಹಾಗೆ. ಅಲ್ಲಿ ಹೆದರಿ ಹಿಂದಕ್ಕೆ ಬಾಗುವವರೇ ಕುಂಡಿ ಮೇಲೆ ಕೂರುವುದು, ಏಕೆಂದರೆ ಹಿಂದಕ್ಕೆ ಬಾಗಿದ ಕೂಡಲೇ ಭಾರವೆಲ್ಲ ಹಿಮ್ಮಡಿಗೆ ಹೋಗಿ ಅದು ಮುಂದಕ್ಕೆ ಉರುಳುತ್ತದೆ. ಮೊಣಕಾಲು ಸಡಿಲ ಬಿಟ್ಟು, ಮೈ ತುಸು ಮುಂದಕ್ಕೆ, ಗಿಡ್ಡ ಗಿಡ್ಡ ಹೆಜ್ಜೆ, ಪಾದ ಸೊಂಟದ ನೇರಕ್ಕೆ ಕೆಳಗೆ. ಕೋಳಿ ಓಡಿದ ಹಾಗೆ ಕಾಣುತ್ತದೆ, ಕಾಣಲಿ. ಕಣ್ಣು ಕಾಲ ಮೇಲಲ್ಲ, ಮೂರು ನಾಲ್ಕು ಹೆಜ್ಜೆ ಮುಂದೆ.

ತಟ್ಟಿದಾಗ ಟಣ್ ಅನ್ನದೆ ಡಬ್ ಅನ್ನುವ ಬಂಡೆಯ ಅಂಚಿಗೆ ಹೋಗಬೇಡಿ, ಗ್ರಾನೈಟ್ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರ ಏಳುತ್ತದೆ, ಕೆಳಗೆ ಟೊಳ್ಳು ಇರುತ್ತದೆ. ದೋಸ್ತನ ನೇರ ಕೆಳಗೆ ಎಂದೂ ಇಳಿಯಬೇಡಿ, ಓರೆಯಾಗಿ ಹತ್ತು ಹೆಜ್ಜೆ ಅಂತರ ಇರಲಿ. ಕಲ್ಲು ಉರುಳಿದರೆ "ಕಲ್ಲೂ!" ಅಂತ ಕೂಗುವುದು, "ಅಯ್ಯಯ್ಯೋ" ಅಂತಲ್ಲ. ಅಯ್ಯಯ್ಯೋ ಕೇಳಿದವರು ತಿರುಗಿ ನೋಡುತ್ತಾರೆ, ಕಲ್ಲು ಕೇಳಿದವರು ಪಕ್ಕಕ್ಕೆ ಹಾರುತ್ತಾರೆ.

ಹಿರೇಬೆಣಕಲ್‌ನ ಗುಡ್ಡದಲ್ಲಿ ಮಾತ್ರ ಇದೆಲ್ಲ ಬಿಟ್ಟು ನಡೆಯಿರಿ. ಆ ಬೃಹತ್ ಶಿಲಾಯುಗದ ಕಲ್ಲುಮನೆಗಳ ಚಪ್ಪಡಿ ನಿಮ್ಮ ಹಾರಾಟಕ್ಕೆ ಇಟ್ಟದ್ದಲ್ಲ. 2021ರಿಂದ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ, ನಿಮ್ಮ ಶೂ ಗುರುತು ಅಲ್ಲಿ ಬೇಕಿಲ್ಲ.

ಶೂ ಬಗ್ಗೆ ಎರಡೇ ಮಾತು. ತಳದ ಹಲ್ಲು ನಾಲ್ಕು ಮಿಲಿಮೀಟರ್ ಸಾಕು. ಕೆಸರಿಗೆಂದು ಮಾಡಿದ ಉದ್ದ ಹಲ್ಲಿನ ಶೂ ಬಂಡೆಗೆ ಕಡಿಮೆ ರಬ್ಬರ್ ತಾಗಿಸುತ್ತದೆ, ಜಾರುತ್ತದೆ. ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು, ಇಳಿಯುವ ಮುಂಚೆ ಹಿಮ್ಮಡಿ ಅಲುಗದಂತೆ ಮೇಲಿನ ಕೊನೆಯ ತೂತಿನವರೆಗೆ ಲಾಡಿ ಬಿಗಿಯಬೇಕು, ಹಿಂದಿನ ರಾತ್ರಿ ಉಗುರು ಕತ್ತರಿಸಿರಬೇಕು. ಇಷ್ಟು ಮಾಡಿದರೆ ಉಗುರು ಉಳಿಯುತ್ತದೆ. ತೊಡೆ ಮಾತ್ರ ಮೂರನೇ ದಿನ ಜೋರು ನೋಯುತ್ತದೆ, ಇಳಿಜಾರಿನಲ್ಲಿ ಸ್ನಾಯು ಹಿಗ್ಗುತ್ತ ಭಾರ ತಡೆಯುವುದಕ್ಕೆ. ಮೊದಲ ಸಲದವರು ಮರುದಿನ ಆರಾಮಿದ್ದೇವೆ ಅಂತ ಮತ್ತೆ ಹೋಗಿ, ಮೂರನೇ ದಿನ ಮೆಟ್ಟಿಲನ್ನ ಹಿಮ್ಮುಖವಾಗಿ ಇಳಿಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಓಟ ನಿಲ್ಲಿಸಿದ್ದು ಕರಡಿಯಲ್ಲ, ಬಳ್ಳಾರಿ ಜಾಲಿ. ಅದರ ಮುಳ್ಳು ರಬ್ಬರ್ ತಳ ದಾಟಿ ಬರುತ್ತದೆ. ಚುಚ್ಚಿದಾಗ ಕಾಲು ಕೊಡವಿ ಮುಂದೆ ಓಡಿದರೆ ಮುರಿದ ತುದಿ ತಳದೊಳಗೇ ಉಳಿದು ಪ್ರತಿ ಹೆಜ್ಜೆಗೂ ಒಂದೊಂದು ಕೂದಲೆಳೆಯಷ್ಟು ಒಳಗೆ ಬರುತ್ತದೆ. ಅಲ್ಲೇ ಕೂತು, ಶೂ ಬಿಚ್ಚಿ, ಒಳಗೆ ಬೆರಳಾಡಿಸಿ ತುದಿ ಹುಡುಕಿ, ಹೊರಗಿನಿಂದ ಚಿಮಟದಲ್ಲಿ ಎಳೆಯಬೇಕು. ಜೊತೆಗೆ ಒಯ್ಯಬೇಕಾದದ್ದು: ಚಿಮಟ ಒಂದು, ಪಿನ್ನು ಒಂದು, ಅರ್ಧ ಲೀಟರ್ ನೀರು, ಎರಡು ಶೇಂಗಾ ಉಂಡಿ, ಚಾರ್ಜ್ ಇರುವ ಮೊಬೈಲು. ಥಂಡಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಆದರೂ ಕುಡಿಯಬೇಕು. ಮುಳ್ಳು ಮಾಂಸಕ್ಕೆ ಇಳಿದಿದ್ದರೆ ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದು ಅಂತ ನೆನಪು ಮಾಡಿಕೊಳ್ಳಿ.

"ತೂಕ ಇಳೀತೈತೇನು?" ಅಂತ ಕೇಳುವವರಿಗೆ: ಗುಡ್ಡ ಇಳಿದ ಮೇಲೆ ಮಂಡಾಳ ಒಗ್ಗರಣಿ, ನಾಲ್ಕು ಮಿರ್ಚಿ. ಲೆಕ್ಕ ನೀವೇ ಹಾಕಿ.

ಇಷ್ಟಾದ ಮೇಲೂ ಬರುವವರಿದ್ದರೆ ಬರ್ರಿ. ಐದೂಮುಕ್ಕಾಲು ಅಂದರೆ ಐದೂಮುಕ್ಕಾಲು, ಐದು ನಿಮಿಷ ಕಾಯುತ್ತೇವೆ, ಆರನೇ ನಿಮಿಷ ಇಲ್ಲ. ಮಂಕಿ ಕ್ಯಾಪ್ ಹಾಕ್ಕೊಂಡು ಬಂದರೆ ಅದನ್ನ ಗುಡ್ಡದ ಮೇಲೆ ಹೊರುವವರು ನೀವೇ.