ಒಂದು ಪೈಂಟ್ ಹಾಲಿನ ಬಿಲ್ಲೆ

ಮ್ಯಾಂಚೆಸ್ಟರಿನ ಸಂತೆಯಲ್ಲಿ ಹಳೇ ನಾಣ್ಯಗಳ ರಾಶಿಯೊಳಗೆ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ರಾಜನ ತಲೆಯಿಲ್ಲ, ಇಸವಿಯೂ ಇಲ್ಲ. ಅಂಚಿನ ಸುತ್ತ ಒಂದು ಸಹಕಾರ ಸಂಘದ ಹೆಸರು, ನಡುವೆ '1 ಪೈಂಟ್ ಮಿಲ್ಕ್' ಅಂತ ಅಚ್ಚು. ಪೈಂಟ್ ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಹಾಲಿನ ಟೋಕನ್ ಗುರುತಿಸಲು ಇದೇ ದೊಡ್ಡ ಸುಳಿವು, ಹಣದ ಜಾಗದಲ್ಲಿ ಅಳತೆ ಇರುತ್ತೆ. ಹಿತ್ತಾಳೆ, ಅಲ್ಯೂಮಿನಿಯಂ ಆದಮೇಲೆ ಬಣ್ಣದ ಪ್ಲಾಸ್ಟಿಕ್ಕಿನವೂ ಬಂದವು.

ಇಲ್ಲಿಗೆ ಹತ್ತಿರದ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ ಅಂಗಡಿ ತೆರೆದರಲ್ಲ, ಅದನ್ನೇ ಮಾದರಿಯಾಗಿಟ್ಟುಕೊಂಡು ಊರೂರಲ್ಲಿ ಇಂಥ ಸಂಘಗಳು ಹುಟ್ಟಿದ್ದು. ಸಂಘದ ಅಂಗಡಿಯಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತಗೊಳ್ಳೋದು, ರಾತ್ರಿ ತೊಳೆದ ಖಾಲಿ ಬಾಟಲಿ ಜೊತೆ ಹೊಸ್ತಿಲ ಹೊರಗೆ ಇಡೋದು. ಬೆಳಗಿನ ಜಾವ ಹಾಲಿನವನು ಬಿಲ್ಲೆ ಎಣಿಸಿ ಅಷ್ಟೇ ಬಾಟಲಿ ಇಟ್ಟು ಹೋಗುತ್ತಿದ್ದ. ಚಿಲ್ಲರೆ ತಾಪತ್ರಯವಿಲ್ಲ, ಸಾಲದ ಲೆಕ್ಕವಿಲ್ಲ.

ಕೂಲಿ ಕೈಗೆ ಬಂದ ದಿನವೇ ವಾರದ ಟೋಕನ್ ತಂದಿಟ್ಟ ಮನೆಯಲ್ಲಿ, ವಾರದ ಕೊನೆಗೆ ಕೈ ಖಾಲಿಯಾದರೂ ಮಕ್ಕಳ ಹಾಲಿಗೆ ಕೊರತೆಯಿರಲಿಲ್ಲ ಅನ್ನೋದು ನೆನೆದರೆ ಈ ಪುಟ್ಟ ಬಿಲ್ಲೆಯ ಮೇಲೆ ಗೌರವ ಬರುತ್ತೆ.

ದೆಹಲಿಯಲ್ಲಿದ್ದವರಿಗೆ ಮದರ್ ಡೇರಿ ಬೂತಿನ ಟೋಕನ್ ನೆನಪಿರಬೇಕು. ಯಂತ್ರಕ್ಕೆ ಹಾಕಿದರೆ ಪಾತ್ರೆಗೆ ಹಾಲು ಸುರಿಯುತ್ತಿತ್ತು. ಯಾರ ಹತ್ತಿರವಾದರೂ ಉಳಿದಿದ್ದರೆ ದಯವಿಟ್ಟು ಎರಡೂ ಬದಿಯ ಫೋಟೋ ಹಾಕಿ.