ಗುಂಪಿನಲ್ಲಿ ಕೂರಿಸಿದರೆ ಸಾಲದು, ಪಾಠವನ್ನೇ ಹಂಚಬೇಕು

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು. ತರಬೇತಿಗೆ ಹೋದಾಗಲೆಲ್ಲ ಗುಂಪು ಚಟುವಟಿಕೆ ಮಾಡಿಸಿ ಅಂತ ಹೇಳಿ ಕಳಿಸುತ್ತಾರೆ. ಐದೈದು ಮಕ್ಕಳನ್ನು ದುಂಡಗೆ ಕೂರಿಸಿ ಒಂದು ಚಾರ್ಟು, ಒಂದು ಸ್ಕೆಚ್ ಪೆನ್ನು ಕೊಟ್ಟರೆ ಏನಾಗುತ್ತೆ ಅಂತ ಮೇಷ್ಟ್ರುಗಳಿಗೆಲ್ಲ ಗೊತ್ತು. ಚೆನ್ನಾಗಿ ಓದುವ ಹುಡುಗಿ ಒಬ್ಬಳೇ ಬರೆಯುತ್ತಾಳೆ, ಉಳಿದವರು ಚಾರ್ಟಿನ ತುದಿ ಒತ್ತಿ ಹಿಡಿದುಕೊಂಡಿರುತ್ತಾರೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತೆ.

ಮಕ್ಕಳು ಸೋಮಾರಿಗಳು ಅಂತಲ್ಲ. ಆ ಕೆಲಸಕ್ಕೆ ಐದು ಜನ ಬೇಕೇ ಇಲ್ಲ, ಅಷ್ಟೇ.

ಅದಕ್ಕೇ ನನಗೆ ಜಿಗ್‌ಸಾ ವಿಧಾನ ಹಿಡಿಸಿದ್ದು. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನ ಶಾಲೆಗಳಲ್ಲಿ ಇದನ್ನು ಶುರು ಮಾಡಿದರು. ಕಪ್ಪು, ಬಿಳಿ ಮಕ್ಕಳನ್ನು ಆಗತಾನೇ ಒಂದೇ ತರಗತಿಗೆ ಸೇರಿಸಿದ್ದ ಕಾಲ, ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಆರನ್ಸನ್ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪಕ್ಕದವನು ಹೇಳಿಕೊಡದೆ ನಿನಗೆ ಪೂರ್ತಿ ಪಾಠ ಸಿಗುವುದೇ ಇಲ್ಲ ಅಂದಮೇಲೆ ಅವನ ಮಾತು ಕೇಳಲೇಬೇಕಲ್ವಾ?

ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ಲೀಚಿಂಗ್ ಪೌಡರ್, ಅಡುಗೆ ಸೋಡಾ, ವಾಷಿಂಗ್ ಸೋಡಾ, ಪ್ಲಾಸ್ಟರ್ ಆಫ್ ಪ್ಯಾರಿಸ್, ನಾಲ್ಕೂ ಬೇರೆ ಬೇರೆ. ನಾಲ್ಕು ಮಕ್ಕಳ ಗುಂಪು ಮಾಡಿ ಒಬ್ಬರಿಗೊಂದು ಲವಣ ಕೊಡುತ್ತೇನೆ. ಆಮೇಲೆ ಒಂದೇ ಲವಣ ಸಿಕ್ಕವರೆಲ್ಲ ಒಂದು ಕಡೆ ಸೇರಿ ಓದಿ, ಚರ್ಚೆ ಮಾಡಿ, ತಮ್ಮ ಗುಂಪಿಗೆ ಹೋಗಿ ಹೇಳಿಕೊಡಬೇಕು. ಎಂಟು ಗುಂಪಿನಿಂದ ಎಂಟು ಜನ ಒಂದೇ ಕಡೆ ಸೇರಿದರೆ ಮತ್ತೆ ಇಬ್ಬರದೇ ಮಾತು, ಅದಕ್ಕೆ ನಾಲ್ಕು ನಾಲ್ಕಾಗಿ ಒಡೆಯುತ್ತೇನೆ.

ಈ ಕಡೆ ರೇಷ್ಮೆ ಮನೆಗಳೇ ಜಾಸ್ತಿ. ಒಂದು ಬೆಳೆ ಮುಗಿದ ಮೇಲೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲಸಿದ ನೀರು ಹೊಡೆಯುವುದನ್ನು ಮಕ್ಕಳು ನೋಡಿರುತ್ತಾರೆ, ತಾವೇ ಹೊಡೆದಿರುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಆವತ್ತು, ‘ಚೀಲದ ಬಾಯಿ ಕಟ್ಟದೆ ಇಟ್ರೆ ಪೌಡರ್ ಸತ್ವ ಹೋಗುತ್ತೆ, ನಮ್ಮಪ್ಪ ಬೈತಾರೆ’ ಅಂದ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸಿಕ್ಕಿದ್ದ ಹುಡುಗಿ ‘ನಂದೂ ತೇವ ತಾಗಿದ್ರೆ ಗಟ್ಟಿಯಾಗುತ್ತೆ’ ಅಂದಳು. ಒಂದರಲ್ಲಿ ಕ್ಲೋರಿನ್ ಹೊರಟುಹೋಗುತ್ತೆ, ಇನ್ನೊಂದು ನೀರು ಸೇರಿ ಮತ್ತೆ ಜಿಪ್ಸಂ ಆಗುತ್ತೆ. ಎರಡನ್ನೂ ಗಾಳಿಯಾಡದ ಹಾಗೆ ಇಡಬೇಕು, ಆದರೆ ಕಾರಣ ಬೇರೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಸುಮ್ನೆ ನಕಲು ಮಾಡಿಕೊಳ್ಳುತ್ತಿದ್ದರು. ಇಲ್ಲಿ ಜಗಳ ಆಡಿ ತಿಳಿದುಕೊಂಡರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ನಾನು ತಡೆಯುವುದಿಲ್ಲ. ಮನೆಮಾತಿನಲ್ಲಿ ಯೋಚನೆ ಮಾಡಿ, ಬರೆಯುವಾಗ ಕನ್ನಡದಲ್ಲಿ ಬರೆದರೆ ಸಾಕು.

ತೊಂದರೆ ಇಲ್ಲ ಅಂತಲ್ಲ. ಅಡುಗೆ ಸೋಡಾವನ್ನೂ ವಾಷಿಂಗ್ ಸೋಡಾವನ್ನೂ ಕಲಸಿಕೊಂಡ ಮಗು ಹಾಗೇ ಹೇಳಿಕೊಟ್ಟರೆ ಮೂರು ಜನ ತಪ್ಪು ಕಲಿಯುತ್ತಾರೆ. ಅದಕ್ಕೆ ಗುಂಪಿಗೆ ವಾಪಸ್ ಕಳಿಸುವ ಮೊದಲು ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ. ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಕಾಯಿಸಿದರೆ ಏನು ಬರುತ್ತೆ? ಹೇಳಿದರೆ ಮುಂದಕ್ಕೆ, ಇಲ್ಲದಿದ್ದರೆ ಮತ್ತೆ ಪುಸ್ತಕ. ಒಂದು ಪೀರಿಯಡ್ಡಿನಲ್ಲಿ ಇದೆಲ್ಲ ಮುಗಿಯುವುದಿಲ್ಲ, ಎರಡು ಬೇಕು. ಇನ್ನು ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಹಾಕುವ ದಿನ ಮಕ್ಕಳು ಬರುವುದಿಲ್ಲ, ಒಬ್ಬ ಬರದಿದ್ದರೆ ಗುಂಪಿಗೆ ಒಂದು ಲವಣವೇ ಇಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ (ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ) ಅಂತ ಕೇಳಿಕೊಂಡೇ ನಾನು ದಿನ ಗೊತ್ತು ಮಾಡುವುದು.

ಕೊನೆಗೆ ಪರೀಕ್ಷೆ ಒಬ್ಬೊಬ್ಬರಿಗೇ, ನಾಲ್ಕೂ ಲವಣಗಳ ಮೇಲೆ. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ಮತ್ತೆ ಚಾರ್ಟಿನ ತುದಿ ಹಿಡಿಯುವ ಕಥೆಯೇ.

ಹಾಗಂತ ಎಲ್ಲ ಪಾಠಕ್ಕೂ ಇದನ್ನು ತರಬೇಡಿ. ಓಮ್‌ನ ನಿಯಮ ಹಂಚಲು ಬರುವುದಿಲ್ಲ, ಒಂದು ಮೆಟ್ಟಿಲು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ವಿದ್ಯುತ್ ಪಾಠದ ಲೆಕ್ಕಗಳಿಗೆ ನಾನು ಇಬ್ಬಿಬ್ಬರನ್ನು ಕೂರಿಸುತ್ತೇನೆ, ಒಬ್ಬ ಬಿಡಿಸಬೇಕು, ಇನ್ನೊಬ್ಬ ‘ಯಾಕೆ’ ಅಂತ ಕೇಳುತ್ತಿರಬೇಕು, ಮುಂದಿನ ಲೆಕ್ಕಕ್ಕೆ ಅದಲು ಬದಲು.