ಅರ್ಧ ಕಿಲೋ ಚೆರಿ

ಶಾಲೆಯ ನೆನಪು ಬರೆಯಿರಿ ಅಂದರೆ ಬೇರೆಯವರಿಗೆ ಮಳೆ, ಜಿಗಣೆ, ಪ್ರಾರ್ಥನೆ ನೆನಪಾಗಬಹುದು. ನನಗೆ ಒರಳಿನ ಸದ್ದು.

2001-02ರ ಸಾಲು. ನಾನು ಏಳನೇ ಕ್ಲಾಸು. ಕಾಫಿ ಬೆಲೆ ನೆಲ ಕಚ್ಚಿತ್ತು, ಮನೆಗಳಲ್ಲಿ ಅದೇ ಮಾತು. ಗಣಿತದ ಟೀಚರ್ ಗದಗದ ಕಡೆಯವರು, ಹೊಸಬರು. ಶೇಕಡಾ ಲೆಕ್ಕ ನಡೆಯುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ, "ಟೀಚರ್, ಕಾಫಿ ಮಾರೋವಾಗ ಹೇಳೋ ಓಟಿ ಅಂದ್ರೂ ಇದೇನಾ?" ಅವರಿಗೆ ಓಟಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿಯೂಬಿಟ್ಟರು! "ನಿಮ್ಮಪ್ಪಾರನ್ನ ಕರ್ಕೊಂಡ್ ಬರ್ರಿ, ಅವ್ರೇ ಹೇಳ್ಲಿ" ಅಂದರು. ಅಲ್ಲಿವರೆಗೆ ಅಪ್ಪಂದಿರು ಶಾಲೆಗೆ ಬರುತ್ತಿದ್ದುದು ಸಹಿ ಹಾಕೋಕೆ, ಇಲ್ಲವೇ ಮಗನ ಬಗ್ಗೆ ದೂರು ಕೇಳೋಕೆ.

ಶನಿವಾರ ನನ್ನಪ್ಪನೇ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹೊತ್ತು ಬಂದರು. ನನಗೆ ನಾಚಿಕೆ, ಅಪ್ಪನ ಕಾಲಲ್ಲಿ ಗಂಬೂಟು ಬೇರೆ. ಒಂದು ಹಿಡಿ ಚೆರಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಅಂದ್ರೆ ಒಣಗಿದೆ ಅಂತ ತೋರಿಸಿದರು. ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಅರ್ಧ ಕಿಲೋ ತೂಗಿದೆವು. ಒರಳಲ್ಲಿ ಕುಟ್ಟಿದೆವು, ಮೊರದಲ್ಲಿ ಕೇರಿದೆವು. ತಲೆಯೆಲ್ಲ ಹೊಟ್ಟು. ಕೊನೆಗೆ ಉಳಿದ ಬೀಜ 260 ಗ್ರಾಂ. ಅಂದರೆ 50 ಕಿಲೋ ಚೀಲಕ್ಕೆ 26 ಕಿಲೋ. ಒಂದು ಚೀಲ ಚೆರಿಗೆ ಸಿಗೋ ಬೀಜದ ಈ ಕಿಲೋ ಲೆಕ್ಕವೇ ಓಟಿ, ಔಟ್‌ಟರ್ನ್. ಶೇಕಡಾದಲ್ಲಿ ಹೇಳಿದರೆ 52.

"ಮೊದ್ಲು ಎಲ್ಲಾ ಕಾಫಿ ಬೋರ್ಡಿನ ಪೂಲಿಗೇ ಹೋಗ್ತಿತ್ತು, ಎಲ್ಲರದ್ದೂ ಒಟ್ಟು ಸೇರಿಸಿ ಬೋರ್ಡೇ ಮಾರ್ತಿತ್ತು. 1996ರಿಂದ ಪೂರ್ತಿ ನಮ್ಮ ಕೈಗೆ ಬಂತು, ಈಗ ರೇಟು ಮಾತಾಡೋದೂ ನಾವೇ" ಅಂದರು ಅಪ್ಪ. ಪೇಟೆಯ ವ್ಯಾಪಾರಿ ನಮ್ಮ ಚೆರಿಗೆ ಯಾವಾಗಲೂ ಓಟಿ 24 ಅನ್ನುತ್ತಿದ್ದ. ಟೀಚರ್ ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಓಟಿಗೆ 20 ರೂಪಾಯಿ ಹಿಡಿದರು. ಎರಡು ಓಟಿ ಕಡಿಮೆ, ಚೀಲಕ್ಕೆ 40 ರೂಪಾಯಿ ಹೋಯ್ತು! ಕರಿಹಲಗೆ ನೋಡುತ್ತಾ ಅಪ್ಪ ಸುಮ್ಮನಾದರು.

ಆಗ ಬಾಗಿಲ ಹತ್ತಿರ ನಿಂತಿದ್ದ ಗೆಳತಿಯ ಅಮ್ಮ ಬಾಯಿಬಿಟ್ಟರು. ತೋಟದ ಲೈನಿನವರು, ಅಂದರೆ ಕೂಲಿಯವರ ಸಾಲುಮನೆಯವರು, ಮಗಳ ಬುತ್ತಿ ಕೊಡೋಕೆ ಬಂದಿದ್ದರು. "ಹಣ್ಣು ಕುಯ್ದಿದ್ದು ಎಲ್ಲಿ ಬರ್ದಿದ್ದೀರಿ ಟೀಚರ್?" ಎಲ್ಲೂ ಬರೆದಿರಲಿಲ್ಲ. ಕೂಲಿ ಕಿಲೋ ಲೆಕ್ಕದಲ್ಲಿ, ಅದೂ ಹಸಿ ಹಣ್ಣಿನ ತೂಕಕ್ಕೆ. ಒಣಗಿದರೆ ಅದು ಅರ್ಧಕ್ಕಿಂತ ಕಡಿಮೆ. ಟೀಚರ್ ಅವರನ್ನೇ ಒಳಗೆ ಕರೆದು, ಕುರ್ಚಿ ಕೊಟ್ಟು, ಲೆಕ್ಕ ಮೊದಲಿಂದ ಶುರು ಮಾಡಿದರು. ಗೊಬ್ಬರ, ಕಪಾತು (ರೆಂಬೆ ಸವರೋದು), ಕುಯ್ಲು. ಇಡೀ ಕರಿಹಲಗೆ ತುಂಬಿತು, ಉಳಿದದ್ದು ಏನೂ ಇಲ್ಲ. ನನಗಂತೂ ಲಾಭ ಅನ್ನೋದು ಪುಸ್ತಕದಲ್ಲಿ ಮಾತ್ರ ಜಾಸ್ತಿ ಸಿಗುತ್ತೆ ಅಂತ ಅವತ್ತೇ ಅನುಮಾನ ಬಂತು.

ಮುಂದಿನ ವಾರ ಅಪ್ಪ ಪೇಟೆಗೆ ಹೊರಟಾಗ ನನ್ನ ಕೈಯಲ್ಲೇ ಚೀಟಿ ಬರೆಸಿಕೊಂಡರು: ಚೆರಿ 500 ಗ್ರಾಂ, ಬೀಜ 260 ಗ್ರಾಂ, ಓಟಿ 26. ವ್ಯಾಪಾರಿ ಚೀಟಿ ತಿರುಗಿಸಿ ನೋಡಿ, "ಯಾರು ಮಾಡಿದ್ದು ಇದು?" ಅಂದನಂತೆ. "ಏಳನೇ ಕ್ಲಾಸು" ಅಂದರಂತೆ ಅಪ್ಪ.

ಅವನು ನಕ್ಕು 25 ಹಾಕಿದ.